ಬಳಕೆಯ ಚರಿತ್ರೆ ಮತ್ತು ವಿದ್ಯಾರ್ಥಿ ಸಂಶೋಧನೆ: ಹಿರಿಯಡ್ಕ ಪರಿಸರವನ್ನು ಕುರಿತು ಕೆಲವು ವಿಚಾರಗಳು

ಇಂಗ್ಲಿಷಿನ ‘ಕನ್ಸ್ಯೂಮರಿಸಂ’ ಎಂಬ ಒಂದೇ ಶಬ್ದವು ಪರಸ್ಪರ ವಿರುದ್ಧವೆನ್ನಬಹುದಾದ ಎರಡು ಅರ್ಥಗಳನ್ನು ಹೊತ್ತುಕೊಂಡಿದೆ. ಕಲಬೆರಕೆ, ತೂಕದ ಕೊರತೆ, ಸುಳ್ಳು ಜಾಹೀರಾತು ಮೊದಲಾದವುಗಳಿಂದ ಕೊಳ್ಳುವವನನ್ನು ರಕ್ಷಿಸುವ ಚಳವಳಿಯು ಒಂದು ಅರ್ಥ. ಅವಶ್ಯಕತೆಯನ್ನು ಮೀರಿ ಕೊಳ್ಳುವ, ಕೊಂಡ ವಸ್ತುವಿನಿಂದಲೇ ತನ್ನ ಅಂತಸ್ತನ್ನು ಅಳೆದುಕೊಳ್ಳುವ ಮನೋಧರ್ಮವು ಇನ್ನೊಂದು ಅರ್ಥ. ಕನ್ನಡದಲ್ಲಿ ಈ ತೊಡಕಿಲ್ಲ. ಮೊದಲನೆಯದನ್ನು ಬಳಕೆದಾರರ ಚಳವಳಿಯೆಂದೂ ಎರಡನೆಯದನ್ನು ಕೊಳ್ಳುಬಾಕತನವೆಂದೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತೇವೆ. ಆದರೆ ಈ ಎರಡನೆಯ ಮಾತಿನಲ್ಲಿ ಬೇರೊಂದು ತೊಡಕುಂಟು. ‘ಹೊಟ್ಟೆಬಾಕ’ನೆಂದು ಒಬ್ಬನನ್ನು ಕರೆದ ಮೇಲೆ ಅವನು ಎಷ್ಟು ಉಂಡನೆಂದು ವಿಚಾರಿಸುವ ಗೋಜು ಉಳಿಯುವುದಿಲ್ಲ, ಹಾಗೆಯೇ ‘ಕೊಳ್ಳುಬಾಕ’ ಎಂಬ ಶಬ್ದವು ವಿಚಾರಣೆಗೆ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತದೆ. ಸಂಶೋಧನೆಗೆ ಹೊರಟ ವಿದ್ಯಾರ್ಥಿಯು ಈ ಶಬ್ದವನ್ನು ಹಿಡಿದು ಊರೊಳಗೆ ಹೋದರೆ ತಾನು ಕಾಣಬೇಕೆಂದಿರುವುದನ್ನೇ ಕಂಡು ಹಿಂದಿರುಗುವ ಸಂಭವವು ಹೆಚ್ಚು. ಆದುದರಿಂದ ಪ್ರಕೃತ ಲೇಖನದಲ್ಲಿ ‘ಬಳಕೆ’ ಎಂಬ ಸಾಧಾರಣವಾದ ಶಬ್ದವನ್ನೇ ಇಟ್ಟುಕೊಂಡಿದೆ.

ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಐದಾರು ಮಂದಿಯ ತಂಡಗಳಾಗಿ ಸಾಮಾಜಿಕ ಸಮಸ್ಯೆಗಳನ್ನು ಅಭ್ಯಸಿಸಿ ಪ್ರಬಂಧವನ್ನು ಒಪ್ಪಿಸುವ ಪದ್ಧತಿಯು ಈಗ ವ್ಯಾಪಕವಾಗಿದೆ. ಅವರು ಆರಿಸಿಕೊಳ್ಳುವ ವಿಷಯಗಳಲ್ಲಿ ಗ್ರಾಹಕ ಸಂಸ್ಕೃತಿಯೂ ಅದಕ್ಕೆ ಅಂಟಿಕೊಂಡಿರುವ ಸಾಲ, ವರದಕ್ಷಿಣೆ, ಮದುವೆಯ ದುಂದು, ಕಸ ಮೊದಲಾದವುಗಳೂ ಅಗ್ರಸ್ಥಾನದಲ್ಲಿವೆ. ಇಂತಹ ಪ್ರಬಂಧಗಳಲ್ಲಿ ಹಲವಕ್ಕೆ ಒಂದೇ ಅಚ್ಚು: ಜಾಗತೀಕರಣದ ಮೇಲೆ ಎರಡು ಪುಟ, ಪ್ರಶ್ನಾವಳಿಯ ಕೋಷ್ಟಕಗಳು ನಾಲ್ಕು ಪುಟ, ಜನರು ಸರಳ ಜೀವನಕ್ಕೆ ಮರಳಬೇಕೆಂಬ ಬುದ್ಧಿವಾದ ಒಂದು ಪುಟ. ಊರಿನ ಹೆಸರನ್ನು ಅಳಿಸಿ ಬೇರೊಂದು ಊರಿನ ಹೆಸರನ್ನು ಬರೆದರೂ ಪ್ರಬಂಧವು ಹಾಗೆಯೇ ನಿಲ್ಲುತ್ತದೆ. ಚರಿತ್ರೆಯ ಅಭ್ಯಾಸಿಗಳು ಇದೇ ವಿಷಯವನ್ನು ಕೈಗೊಂಡರೆ ಯಾವ ಆಕರಗಳು ದೊರೆಯುತ್ತವೆ, ಯಾವ ಪ್ರಶ್ನೆಗಳನ್ನು ಕೇಳಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಹಿರಿಯಡ್ಕವನ್ನು ನಡುವಿನಲ್ಲಿಟ್ಟುಕೊಂಡು ವಿವರಿಸುವುದು ಇಲ್ಲಿನ ಉದ್ದೇಶ.

ವಿದ್ಯಾರ್ಥಿಗಳ ಕೈಯಿಂದ ಇಂತಹ ಕೆಲಸವು ಆಗುವುದೇ ಎಂದು ಶಂಕಿಸುವವರಿಗೆ ನೂರು ವರ್ಷಗಳಿಗೂ ಹಿಂದಿನ ಒಂದು ನಿದರ್ಶನವುಂಟು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರರು 1916ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿಯನ್ನು ಕೊಟ್ಟು, ರಜೆಯಲ್ಲಿ ತಂತಮ್ಮ ಊರುಗಳನ್ನೇ ಸಮೀಕ್ಷೆ ಮಾಡಿ ತರುವಂತೆ ಹೇಳಿದರು. ಅದರ ಫಲವು 1918ರಲ್ಲಿ ದಕ್ಷಿಣ ಭಾರತದ ಕೆಲವು ಹಳ್ಳಿಗಳನ್ನು ಕುರಿತ ಗ್ರಂಥವಾಗಿ ಪ್ರಕಟವಾಯಿತು. ದಕ್ಷಿಣ ಕನ್ನಡ ಜಿಲ್ಲೆಯು 1956ರವರೆಗೂ ಮದರಾಸಿಗೆ ಸೇರಿದ್ದುದರಿಂದ ಇದು ನಮ್ಮದೇ ವಿದ್ಯಾಪರಂಪರೆಯೆಂದರೂ ತಪ್ಪಾಗದು. ಇಪ್ಪತ್ತು ವರ್ಷಗಳ ಅನಂತರ, 1936–37ರಲ್ಲಿ, ಪಿ. ಜೆ. ಥಾಮಸ್ ಮತ್ತು ಕೆ. ಸಿ. ರಾಮಕೃಷ್ಣನ್ ಅವರ ನೇತೃತ್ವದಲ್ಲಿ ಆ ಹಳ್ಳಿಗಳ ಮರುಸಮೀಕ್ಷೆಯಾಗಿ 1940ರಲ್ಲಿ ಇನ್ನೊಂದು ಗ್ರಂಥವು ಹೊರಬಂದಿತು. ಅವುಗಳಲ್ಲಿ ಒಂದಾದ ಇರುವೇಲ್‌ಪಟ್ಟು ಎಂಬ ಹಳ್ಳಿಯನ್ನು ಆಮೇಲಿನ ವಿದ್ವಾಂಸರೂ ಮತ್ತೆ ಮತ್ತೆ ಹೋಗಿ ನೋಡಿದ್ದಾರೆ. ಮೊದಲು ಬರೆದ ವಿದ್ಯಾರ್ಥಿಗಳು ಪಂಡಿತರಾಗಿರಲಿಲ್ಲ. ಮನೆಗಳೆಷ್ಟು, ಎತ್ತುಗಳೆಷ್ಟು, ಕೂಲಿಯೆಷ್ಟು, ಸಾಲವೆಷ್ಟು, ಜನರು ಏನನ್ನು ಉಣ್ಣುತ್ತಾರೆ ಎಂಬುದನ್ನು ಕಂಡಂತೆ ಬರೆದರು. ಅಂದು ಅವರು ಬುದ್ಧಿವಾದವನ್ನಷ್ಟೇ ಬರೆದಿದ್ದರೆ ಇಂದು ಅವರನ್ನು ಯಾರೂ ಓದುತ್ತಿರಲಿಲ್ಲ.

ಇನ್ನು ಸ್ಥಳದ ವಿಚಾರ. ಮಲ್ಪೆಯಿಂದ ಉಡುಪಿ, ಮಣಿಪಾಲ, ಪರ್ಕಳಗಳನ್ನು ದಾಟಿ ಹೆಬ್ರಿ, ಆಗುಂಬೆಗಳ ಮೂಲಕ ತೀರ್ಥಹಳ್ಳಿಗೆ ಏರುವ ಹೆದ್ದಾರಿಯಲ್ಲಿ ಹಿರಿಯಡ್ಕವಿದೆ. ಕಾರ್ಕಳದಿಂದ ಬೈಲೂರಿನ ಮೇಲೆ ಬರುವ ರಸ್ತೆಯೂ ಇಲ್ಲಿ ಬಂದು ಕೂಡುತ್ತದೆ. ಸಮೀಪದಲ್ಲಿ ಸುವರ್ಣಾ ನದಿ ಹರಿಯುತ್ತದೆ. ವೀರಭದ್ರ ದೇವಸ್ಥಾನವು ಈ ಊರಿನ ಹೃದಯಸ್ಥಾನ. ತುಳುನಾಡಿನಲ್ಲಿ ಸಿರಿ ಜಾತ್ರೆ ನಡೆಯುವ ಆಲಡೆಗಳಲ್ಲಿ ಇದೂ ಒಂದು. ಒಂದು ಕಡೆ ಮಣಿಪಾಲದ ಆಸ್ಪತ್ರೆ, ಕಾಲೇಜುಗಳು ಹಾಗೂ ದೇಶದ ಮೂಲೆಮೂಲೆಯಿಂದ ಬಂದ ವಿದ್ಯಾರ್ಥಿಗಳ ಹಣ. ಇನ್ನೊಂದು ಕಡೆ ಗದ್ದೆ, ಗೇರು, ಬೀಡಿಗಳ ಹಳ್ಳಿಗಳು. ಘಟ್ಟಕ್ಕೂ ಕಡಲಿಗೂ ನಡುವೆ ಇರುವ ಇಂತಹ ಕೂಡುರಸ್ತೆಯ ಪೇಟೆಗಳಲ್ಲಿ ಬಳಕೆಯ ಮಾರ್ಪಾಟುಗಳು ಮಹಾನಗರಕ್ಕಿಂತ ಸ್ಪಷ್ಟವಾಗಿ ತೋರುತ್ತವೆ. ಏಕೆಂದರೆ ಹಳೆಯದು ಪೂರಾ ಹೋಗಿರುವುದಿಲ್ಲ, ಹೊಸದು ಪೂರಾ ಬಂದಿರುವುದಿಲ್ಲ.

ಹಿಂದಿನ ಜೀವನವು ಸರಳವಾಗಿತ್ತು, ಈಗಿನದು ಆಡಂಬರವಾಗಿದೆ ಎಂಬ ಮಾತನ್ನು ನಾವು ಮೊದಲು ಪರೀಕ್ಷಿಸಬೇಕು. ಟಿಪ್ಪುವಿನ ಪತನಾನಂತರ ವೆಲ್ಲೆಸ್ಲಿಯ ಆಜ್ಞೆಯಂತೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು 1801ರಲ್ಲಿ ಕಾರ್ಕಳ, ಉಡುಪಿಗಳ ದಾರಿಯಾಗಿ ಸಾಗಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಕಥನವೂ, 1894 ಮತ್ತು 1895ರಲ್ಲಿ ಸ್ಟರಕ್ ಮತ್ತು ಸ್ಟುವರ್ಟರು ಹೊರತಂದ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯ ಎರಡು ಸಂಪುಟಗಳೂ ಬೆಳೆ, ಗೇಣಿ, ಕೂಲಿ, ಅಳತೆಗಳ ವಿಷಯದಲ್ಲಿ ಉಪಯುಕ್ತವಾದ ಆಕರಗಳು. ಇವುಗಳನ್ನು ಓದುವಾಗ ಅಳತೆಯ ಜ್ಞಾನವು ಅತ್ಯಾವಶ್ಯಕ. ಅಕ್ಕಿಯ ಲೆಕ್ಕವೆಲ್ಲ ಮುಡಿ, ಕಳಸೆ, ಸೇರುಗಳಲ್ಲಿ ಇರುತ್ತದೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿಗೆ ಸಾಮಾನ್ಯವಾಗಿ 42 ಸೇರು ಎಂದು ಹೇಳುವುದುಂಟು. ಆದರೆ ಆ ಸೇರು ಯಾವ ಸೇರು ಎಂಬುದನ್ನು ಆಯಾ ದಾಖಲೆಯಿಂದಲೇ ತಿಳಿಯಬೇಕೇ ಹೊರತು ಎಲ್ಲ ಕಡೆಗೂ ಒಂದೇ ಲೆಕ್ಕವನ್ನು ಹಾಕಿ ಕಿಲೋಗ್ರಾಮಿಗೆ ಇಳಿಸುವುದು ಸಾಧುವಲ್ಲ. ತೂಕ–ಅಳತೆಗಳ ಪ್ರಮಾಣೀಕರಣದ ಕಾಯಿದೆ 1956ರಲ್ಲಿ ಆಯಿತು. ನಯಾಪೈಸೆ 1957ರ ಏಪ್ರಿಲ್ 1ರಂದು ಬಂದಿತು. ಸೇರಿನಿಂದ ಕಿಲೋವಿಗೂ ಆಣೆಯಿಂದ ಪೈಸೆಗೂ ಆದ ಈ ಪರಿವರ್ತನೆಯ ನೆನಪು ಎಂಬತ್ತು ದಾಟಿದ ಹಿರಿಯರಲ್ಲಿ ಇನ್ನೂ ಇದೆ.

ಆ ಕಾಲದ ಬಳಕೆಯು ಕಡಿಮೆಯಾಗಿದ್ದುದು ವೈರಾಗ್ಯದಿಂದಲ್ಲ. ಬೆಳೆದ ಅಕ್ಕಿಯಲ್ಲಿ ಗೇಣಿಯ ಮುಡಿಗಳು ಧಣಿಯ ಮನೆಗೆ ಹೋದ ಮೇಲೆ ಒಕ್ಕಲಿನ ಮನೆಯಲ್ಲಿ ಉಳಿಯುತ್ತಿದ್ದುದೇ ಅಷ್ಟು. ಮೂಲಗೇಣಿಯವನಿಗೆ ಭೂಮಿಯ ಮೇಲೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವನು ಧಣಿಯ ಮರ್ಜಿಯಿರುವ ತನಕ ಗದ್ದೆಯಲ್ಲಿದ್ದವನು. ಮೂಲದ ಕೂಲಿಯಾಳುಗಳ ಪಾಡು ಇದಕ್ಕೂ ಕೆಳಗಿನದು. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿಯೇ ರದ್ದಾಯಿತು. ಕರಾವಳಿಯ ಮಾತಿನಲ್ಲಿ ‘ಡಿಕ್ಲರೇಶನ್ ಕೊಟ್ಟದ್ದು’ ಎಂದರೆ ಇದೇ. ಭೂನ್ಯಾಯ ಮಂಡಳಿಗೆ ಸಲ್ಲಿಸಿದ ಆ ಅರ್ಜಿಗಳನ್ನು ನಾವು ಭೂಮಿಯ ಚರಿತ್ರೆಗೆ ಮಾತ್ರ ಸಂಬಂಧಿಸಿದವುಗಳೆಂದು ತಿಳಿಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಬಳಕೆಯ ಚರಿತ್ರೆಗೂ ಅವು ಅಷ್ಟೇ ಮುಖ್ಯ. ಗೇಣಿಯೆಂದು ಮನೆಯಿಂದ ಹೊರಗೆ ಹೋಗುತ್ತಿದ್ದ ಅಕ್ಕಿಯು ಮನೆಯಲ್ಲಿಯೇ ಉಳಿದಾಗ ಅದು ಏನಾಯಿತು? ಹೆಚ್ಚು ಊಟವಾಯಿತೇ, ಮುಳಿಹುಲ್ಲಿನ ಮಾಡಿಗೆ ಹೆಂಚಾಯಿತೇ, ಮಗನ ಶಾಲೆಯ ಫೀಸಾಯಿತೇ, ಮಗಳ ಕೊರಳಿನ ಸರವಾಯಿತೇ? ಒಂದು ಗ್ರಾಮದ ಇಪ್ಪತ್ತು ಮನೆಗಳಲ್ಲಿ ಈ ಪ್ರಶ್ನೆಯೊಂದನ್ನೇ ಕೇಳಿ ಉತ್ತರಗಳನ್ನು ಕ್ರಮವಾಗಿ ಬರೆದುಕೊಂಡರೂ ಅದು ಒಳ್ಳೆಯ ಸಂಶೋಧನೆಯಾಗುತ್ತದೆ.

ಹೆಂಚಿನ ಮಾತು ಬಂದುದರಿಂದ ಇದನ್ನೂ ಹೇಳಬಹುದು. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದುದು 1865ರಲ್ಲಿ. ಹೆಂಚು ಎಲ್ಲೆಡೆ ದೊರೆಯುವ ವಸ್ತುವಾದ ಬಹುಕಾಲದ ಮೇಲೂ ಬಡವರ ಮನೆಗಳಿಗೆ ಹುಲ್ಲಿನ ಮಾಡೇ ಇದ್ದಿತು. ಒಂದು ವಸ್ತುವು ಮಾರುಕಟ್ಟೆಗೆ ಬಂದ ವರ್ಷವೂ ಅದು ಒಂದು ಮನೆಗೆ ಬಂದ ವರ್ಷವೂ ಒಂದೇ ಅಲ್ಲ. ಇವೆರಡರ ನಡುವಿನ ಅಂತರವೇ ಬಳಕೆಯ ಚರಿತ್ರೆಯ ಮುಖ್ಯ ವಿಷಯ.

ಇಲ್ಲಿ ಆಟಿ ತಿಂಗಳ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ತುಳುವರ ಪಂಚಾಂಗದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಬರುವ ಆಟಿಯು ಮಳೆಯ, ರೋಗದ, ಹಸಿವಿನ ತಿಂಗಳು. ಹಳೆಯ ಅಕ್ಕಿ ತೀರಿರುತ್ತದೆ, ಹೊಸ ಬೆಳೆ ಬಂದಿರುವುದಿಲ್ಲ, ಕೆಲಸವೂ ವಿರಳ. ಆಗ ಜನರು ತಗಟೆ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜದ ಸಾಂತಾಣಿ ಮೊದಲಾದವುಗಳಿಂದ ದಿನವನ್ನು ನೂಕುತ್ತಿದ್ದರು. ಈಗ ‘ಆಟಿಡೊಂಜಿ ದಿನ’ ಎಂಬ ಹೆಸರಿನಲ್ಲಿ ಸಂಘ–ಸಂಸ್ಥೆಗಳೂ ಕಾಲೇಜುಗಳೂ ಇವೇ ತಿನಿಸುಗಳನ್ನು ಸಭಾಂಗಣಗಳಲ್ಲಿ ಬಾಳೆಯೆಲೆಯ ಮೇಲೆ ಬಡಿಸುತ್ತವೆ. ಪೇಟೆಯ ಅಂಗಡಿಗಳಲ್ಲಿ ಪತ್ರೊಡೆಯೂ ಸಾಂತಾಣಿಯೂ ಪೊಟ್ಟಣಗಳಲ್ಲಿ ಮಾರಾಟಕ್ಕಿವೆ. ಹಿತ್ತಿಲಿನಿಂದ ಬಿಟ್ಟಿಯಾಗಿ ಬರುತ್ತಿದ್ದ ಹಸಿವಿನ ಆಹಾರವು ಹಣ ಕೊಟ್ಟು ಕೊಳ್ಳುವ ಉತ್ಸವದ ಆಹಾರವಾಯಿತು. ಇದನ್ನು ಕೊಳ್ಳುಬಾಕತನವೆನ್ನೋಣವೇ, ಸಂಸ್ಕೃತಿಯ ರಕ್ಷಣೆಯೆನ್ನೋಣವೇ? ಎರಡೂ ಅವಸರದ ಮಾತುಗಳು. ಇಂತಹ ಒಂದು ದಿನದ ಊಟದಲ್ಲಿ ಕುಳಿತಿರುವ ಎಪ್ಪತ್ತೈದು ವರ್ಷದ ಅಜ್ಜಿಯೊಬ್ಬರನ್ನು ‘ಆಗ ಇದನ್ನು ಯಾರು ಕೊಯ್ದು ತರುತ್ತಿದ್ದರು, ಎಷ್ಟು ದಿನ ಇದನ್ನೇ ಉಣ್ಣುತ್ತಿದ್ದಿರಿ, ಇದನ್ನು ಉಣ್ಣುವುದು ನಾಚಿಕೆಯ ವಿಷಯವಾಗಿತ್ತೇ’ ಎಂದು ವಿದ್ಯಾರ್ಥಿಯು ಕೇಳಲಿ. ಯಾವ ಮನೆಯವರಿಗೆ ಅದು ರುಚಿಯ ಮಾರ್ಪಾಟಾಗಿತ್ತು, ಯಾವ ಮನೆಯವರಿಗೆ ಬೇರೆ ಗತಿಯಿರಲಿಲ್ಲ ಎಂಬ ಭೇದವು ಅಲ್ಲಿ ಹೊರಬೀಳುತ್ತದೆ. ಸರಳತೆಯನ್ನು ಕೊಂಡಾಡುವವರು ಬಹುಮಟ್ಟಿಗೆ ಮೊದಲನೆಯ ಬಗೆಯ ಮನೆಯವರೆಂಬುದು ನನ್ನ ಊಹೆ.

ಉಳಿತಾಯವು ಬಳಕೆಯ ಇನ್ನೊಂದು ಮುಖ. ಈ ಜಿಲ್ಲೆಯು ಬ್ಯಾಂಕುಗಳ ತೊಟ್ಟಿಲೆಂದು ಪ್ರಸಿದ್ಧವಾದುದೇ ಆಗಿದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆಯು ಕಾರ್ಪೊರೇಶನ್ ಬ್ಯಾಂಕಾಯಿತು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಇವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ, ಮುಖ್ಯವಾಗಿ ನೇಕಾರರಿಗೆ ನೆರವಾಗಲೆಂದು, ಆರಂಭಿಸಿದ ಸಂಸ್ಥೆಯು ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. 1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪವಾದ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುವ ಕ್ರಮ ಅದು. ಮೀನು ಮಾರುವವಳಿಂದ ಹಿಡಿದು ಹೋಟೆಲಿನ ಮಾಣಿಯ ತನಕ ಎಲ್ಲರಿಗೂ ಹಣವನ್ನು ಇಂದು ತಡೆದಿಟ್ಟು ಮುಂದೆ ಖರ್ಚು ಮಾಡುವ ಅಭ್ಯಾಸವನ್ನು ಈ ಪುಟ್ಟ ಪುಸ್ತಕವು ಕಲಿಸಿತು. ಆ ಎರಡು ಬ್ಯಾಂಕುಗಳೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಪಿಗ್ಮಿಯ ಪುಸ್ತಕಗಳು ಕಸದ ಬುಟ್ಟಿಗೆ ಬೀಳುವ ಮೊದಲು ಅವುಗಳನ್ನು ನೋಡಿ ನಕಲು ಮಾಡಿಕೊಳ್ಳುವುದು ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ. ಮದುವೆಗೆ, ಹಬ್ಬಕ್ಕೆ, ಕಾಯಿಲೆಗೆ ಹಣವನ್ನು ಯಾವ ತಿಂಗಳಲ್ಲಿ ಹಿಂದೆಗೆದರೆಂಬುದು ಅವುಗಳಿಂದ ತಿಳಿಯುತ್ತದೆ.

ಈಗಲೂ ಮನೆಬಾಗಿಲಿಗೆ ಹಣಕ್ಕಾಗಿ ಬರುವವರಿದ್ದಾರೆ. ಆದರೆ ಅವರಲ್ಲಿ ಅನೇಕರು ಬರುವುದು ಸಾಲದ ಕಂತಿಗಾಗಿ. ಮೊದಲು ಕೂಡಿಟ್ಟು ಆಮೇಲೆ ಕೊಳ್ಳುವ ಕ್ರಮವು ಹೋಗಿ, ಮೊದಲು ಕೊಂಡು ಆಮೇಲೆ ತೀರಿಸುವ ಕ್ರಮವು ಬಂದಿದೆ. ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದನ್ನು ನೆನೆದರೆ ವಿಷಯದ ಗಾಂಭೀರ್ಯವು ತಿಳಿದೀತು. ಸಾಲವನ್ನು ಕುರಿತು ಕೇಳುವ ವಿದ್ಯಾರ್ಥಿಯು ಒಂದು ಮನೆಯ ಮಾನವನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾನೆ. ಸಣ್ಣ ಊರಿನಲ್ಲಿ ‘ರಸ್ತೆಯ ಬದಿಯ, ಎರಡು ಹೆಣ್ಣುಮಕ್ಕಳಿರುವ, ಯಜಮಾನನು ಗಲ್ಫಿನಿಂದ ಹಿಂದಿರುಗಿದ ಮನೆ’ ಎಂದು ಬರೆದರೆ ಹೆಸರನ್ನು ಬರೆದಂತೆಯೇ ಸರಿ. ಆ ಮನೆಯ ಹುಡುಗಿಯ ಸಂಬಂಧವೊಂದು ಅದರಿಂದ ಮುರಿದುಬಿದ್ದರೆ ಪ್ರಬಂಧಕ್ಕೆ ಬಂದ ಅಂಕಗಳು ಅದನ್ನು ಜೋಡಿಸಲಾರವು. ಆದುದರಿಂದ ಮನೆಗಳಿಗೆ ಸಂಖ್ಯೆಗಳನ್ನು ಕೊಡುವುದು, ಸಂಖ್ಯೆ–ಹೆಸರುಗಳ ಪಟ್ಟಿಯನ್ನು ತಂಡದ ಒಬ್ಬರು ಮಾತ್ರ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು, ಗುರುತು ಸಿಕ್ಕುವ ವಿವರಗಳನ್ನು ಬರವಣಿಗೆಯಲ್ಲಿ ಬಿಡುವುದು, ಉತ್ತರ ಹೇಳಲು ಒಲ್ಲದವರನ್ನು ಒತ್ತಾಯಿಸದಿರುವುದು ಇವು ಕೇವಲ ಶಿಷ್ಟಾಚಾರಗಳಲ್ಲ. ಸ್ಲೇಟರರ ವಿದ್ಯಾರ್ಥಿಗಳಂತೆ ಸ್ವಂತ ಊರನ್ನು ಅಭ್ಯಸಿಸುವುದರಲ್ಲಿ ಅನುಕೂಲಗಳು ಬಹಳ. ಆದರೆ ನೆರೆಮನೆಯ ಸಾಲವನ್ನು ತಾನೇ ವಿಚಾರಿಸುವ ಪ್ರಸಂಗ ಬಂದಲ್ಲಿ ಆ ಮನೆಗೆ ತಂಡದ ಬೇರೊಬ್ಬರು ಹೋಗುವುದೇ ಲೇಸು.

ಪ್ರಶ್ನೆಯ ಭಾಷೆಯ ವಿಷಯದಲ್ಲಿಯೂ ಒಂದೆರಡು ಮಾತು. ಈ ಪ್ರದೇಶದಲ್ಲಿ ಮುದ್ರಿತ ಪ್ರಶ್ನಾವಳಿಯು ಕನ್ನಡದಲ್ಲಿದ್ದರೂ ಸಂಭಾಷಣೆಯು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಬ್ಯಾರಿ ಭಾಷೆಯಲ್ಲಿಯೋ ನಡೆಯುತ್ತದೆ. ‘ನಿಮಗೆ ಸಾಲವಿದೆಯೇ’ ಎಂದರೆ ‘ಇಲ್ಲ’ ಎಂಬ ಉತ್ತರ ಬರುವುದು ಸಹಜ. ಬ್ಯಾಂಕಿನದು ಮಾತ್ರ ಸಾಲವೆಂದು ಎಷ್ಟೋ ಮಂದಿ ಎಣಿಸುತ್ತಾರೆ. ನೆಂಟರಿಂದ ತಂದದ್ದು ಕೈಗಡ, ಅಂಗಡಿಯಲ್ಲಿ ಬರೆಸಿದ್ದು ಲೆಕ್ಕ, ಸ್ವಸಹಾಯ ಸಂಘದ್ದು ಕಂತು, ಬಂಗಾರವನ್ನು ಇಟ್ಟು ತಂದದ್ದು ಅಡವು. ಇವೆಲ್ಲವನ್ನೂ ಬೇರೆ ಬೇರೆಯಾಗಿ ಕೇಳದಿದ್ದರೆ ಲೆಕ್ಕವು ಸುಳ್ಳಾಗುತ್ತದೆ. ಗಂಡಸರನ್ನೂ ಹೆಂಗಸರನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ಅವಶ್ಯ. ಹೆಂಗಸರ ಸೀರೆಯ ಲೆಕ್ಕವನ್ನು ಆಸಕ್ತಿಯಿಂದ ಕೇಳುವ ಪ್ರಶ್ನಾವಳಿಗಳು ಗಂಡಸರ ಮದ್ಯದ ಲೆಕ್ಕವನ್ನು ಕೇಳಲು ನಾಚಿಕೊಳ್ಳುವುದು ವಿಚಿತ್ರವಾಗಿದೆ.

ಹೆಂಗಸರ ಸಂಪಾದನೆಯನ್ನು ಗಮನಿಸದೆ ಈ ಭಾಗದ ಬಳಕೆಯ ಚರಿತ್ರೆಯನ್ನು ಬರೆಯಲು ಸಾಧ್ಯವಿಲ್ಲ. ಹೊಸ್ತಿಲ ಬಳಿ ಕುಳಿತು ಬೀಡಿ ಕಟ್ಟಿ ‘ಬ್ರಾಂಚಿ’ಗೆ ಒಯ್ದು ಕೊಟ್ಟು ಪಡೆದ ಹಣವು ಅನೇಕ ಮನೆಗಳಲ್ಲಿ ಹೆಣ್ಣಿನ ಕೈಗೆ ನೇರವಾಗಿ ಬಂದ ಮೊದಲ ನಗದು. ಕಾಪು ತಾಲೂಕಿನ ಶಂಕರಪುರದ ಸುತ್ತ ಮಲ್ಲಿಗೆಯು ಅದೇ ಕೆಲಸವನ್ನು ಮಾಡಿದೆ. ಅಲ್ಲಿ ಅಟ್ಟೆಯ ಧಾರಣೆಯು ದಿನದಿನಕ್ಕೂ ಏರಿಳಿಯುತ್ತದೆ, ಮದುವೆಯ ಋತುವಿನಲ್ಲಿ ಮೇಲಕ್ಕೇರುತ್ತದೆ. ಒಂದು ಮನೆಯವರು ಮದುವೆಯ ದುಂದೆಂದು ಖರ್ಚು ಮಾಡಿದ್ದು ಇನ್ನೊಂದು ಮನೆಯ ಹೆಂಗಸಿನ ಆದಾಯವಾಗಿ ಆ ಮನೆಯ ಮಕ್ಕಳ ಪುಸ್ತಕವಾಗುತ್ತದೆ. ಇಂತಹ ಸಂಬಂಧಗಳನ್ನು ಹಿಡಿಯುವುದರಲ್ಲಿಯೇ ಸಂಶೋಧನೆಯ ಸ್ವಾರಸ್ಯವಿದೆ.

ಮದುವೆಯ ವಿಷಯಕ್ಕೆ ಆಮಂತ್ರಣ ಪತ್ರಿಕೆಗಳು ಬಹು ಸುಲಭವಾದ ಆಕರ. ಹಳೆಯ ಮನೆಗಳಲ್ಲಿ ತಂತಿಗೆ ಸಿಕ್ಕಿಸಿಟ್ಟ ಕಾಗದಗಳಲ್ಲಿ ಐವತ್ತು, ಅರವತ್ತು ವರ್ಷಗಳ ಹಿಂದಿನವೂ ಸಿಗಬಹುದು. ಮದುವೆಯು ಮನೆಯ ಚಪ್ಪರದಿಂದ ದೇವಸ್ಥಾನಕ್ಕೆ, ಅಲ್ಲಿಂದ ಸಭಾಭವನಕ್ಕೆ ಯಾವಾಗ ಸ್ಥಳಾಂತರವಾಯಿತು, ರಾತ್ರಿಯ ಮುಹೂರ್ತವು ಹಗಲಿಗೆ ಹೇಗೆ ಬಂದಿತು, ‘ಆಶೀರ್ವಾದವೇ ಉಡುಗೊರೆ’ ಎಂಬ ಒಕ್ಕಣೆ ಎಂದಿನಿಂದ ಆರಂಭವಾಯಿತು, ಹಿಂದಿನ ರಾತ್ರಿಯ ಮೆಹಂದಿಗೆ ಪ್ರತ್ಯೇಕ ಕರೆಯವು ಎಂದು ಸೇರಿಕೊಂಡಿತು ಎಂಬುದನ್ನು ಇನ್ನೂರು ಪತ್ರಿಕೆಗಳ ಸಂಗ್ರಹದಿಂದ ವರ್ಷವಾರಾಗಿ ತೋರಿಸಬಹುದು. ಇದರೊಡನೆ ಮುಯ್ಯಿಯ ಪಟ್ಟಿಗಳು ದೊರೆತರೆ ಇನ್ನೂ ಮೇಲು. ಆದರೆ 1961ರ ಕಾಯಿದೆಯಿಂದ ವರದಕ್ಷಿಣೆಯು ನಿಷಿದ್ಧವಾದ ಮೇಲೆ ಅದರ ಲೆಕ್ಕವು ಯಾವ ಕಾಗದದಲ್ಲಿಯೂ ಇರುವುದಿಲ್ಲ. ಅಂತಹ ಕಡೆ ‘ಎಷ್ಟು ಕೊಟ್ಟಿರಿ’ ಎಂದು ಕೇಳುವುದಕ್ಕಿಂತ ‘ಆ ವರ್ಷ ಏನನ್ನು ಮಾರಿದಿರಿ, ಏನನ್ನು ಅಡವಿಟ್ಟಿರಿ’ ಎಂದು ಕೇಳಿದರೆ ನಿಜವು ಹತ್ತಿರವಾಗುತ್ತದೆ.

ಮೌಖಿಕ ಆಕರಗಳಲ್ಲಿ ಕಾಲನಿರ್ಣಯವೇ ದೊಡ್ಡ ಕಷ್ಟ. ‘ನಿಮ್ಮ ಮನೆಗೆ ರೇಡಿಯೋ ಬಂದುದು ಯಾವಾಗ’ ಎಂದರೆ ‘ತುಂಬಾ ಹಿಂದೆ’ ಎನ್ನುತ್ತಾರೆ. ನಯಾಪೈಸೆ ಬರುವ ಮೊದಲೋ ಆಮೇಲೋ, ಡಿಕ್ಲರೇಶನಿಗೆ ಮೊದಲೋ ಆಮೇಲೋ, ಇಂದಿರಾ ಗಾಂಧಿಯವರ ಹತ್ಯೆಯಾದ 1984ಕ್ಕೆ ಮೊದಲೋ ಆಮೇಲೋ, ಉಡುಪಿ ಜಿಲ್ಲೆಯಾದ 1997ರಲ್ಲೋ, ಕೊಂಕಣ ರೈಲು ಪೂರ್ತಿಯಾಗಿ ಓಡಿದ 1998ರಲ್ಲೋ ಎಂದು ಗೂಟಗಳನ್ನು ನೆಟ್ಟು ಕೇಳಿದರೆ ಎರಡು ಮೂರು ವರ್ಷಗಳ ಅಂತರದೊಳಗೆ ಉತ್ತರ ದೊರೆಯುತ್ತದೆ. ಮನೋರಂಜನೆಯ ಬಳಕೆಯನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ಹರಕೆಯ ಬಯಲಾಟವನ್ನು ನೋಡಲು ಹಣ ಬೇಡ. ಡೇರೆಯ ಮೇಳಕ್ಕೆ ಟಿಕೆಟು ಬೇಕು. ಒಂದು ಕಲೆಯು ಹರಕೆಯಿಂದ ಟಿಕೆಟಿಗೆ ಬಂದ ಕಥೆಯು ಬಳಕೆಯ ಚರಿತ್ರೆಯಲ್ಲದೆ ಮತ್ತೇನು? ನೂರು ವರ್ಷ ಬಾಳಿದ ಮದ್ದಳೆಗಾರ ಹಿರಿಯಡ್ಕ ಗೋಪಾಲ ರಾಯರು (1919–2020) ಈ ಎರಡೂ ಯುಗಗಳನ್ನು ಕಂಡವರಾಗಿದ್ದರು. ಅಂತಹ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವುದರಿಂದ ಮೌಖಿಕ ಸಂಗ್ರಹವನ್ನು ಮುಂದಿನ ವರ್ಷಕ್ಕೆಂದು ತಳ್ಳುವಂತಿಲ್ಲ.

ಇನ್ನು ಬಳಕೆದಾರರ ಚಳವಳಿಯನ್ನು ಕುರಿತು. ಅಮೆರಿಕದ ಅಧ್ಯಕ್ಷ ಕೆನೆಡಿಯವರು 1962ರ ಮಾರ್ಚ್ 15ರಂದು ತಮ್ಮ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಎಂಬ ನಾಲ್ಕು ಹಕ್ಕುಗಳನ್ನು ಹೇಳಿದುದನ್ನು ಎಲ್ಲ ಪ್ರಬಂಧಗಳೂ ಉದ್ಧರಿಸುತ್ತವೆ. ಆದರೆ ಕುಂದಾಪುರದ ಸಮೀಪದ ಬಸ್ರೂರಿನಲ್ಲಿ 1980ರಲ್ಲಿ, ಎಂದರೆ ಭಾರತದ ಗ್ರಾಹಕ ಸಂರಕ್ಷಣಾ ಕಾಯಿದೆಗಿಂತ ಆರು ವರ್ಷ ಮೊದಲು, ಬಳಕೆದಾರರ ವೇದಿಕೆಯು ಹುಟ್ಟಿ ಆಮೇಲೆ ಉಡುಪಿಯಲ್ಲಿ ಬೆಳೆಯಿತೆಂಬುದನ್ನು ಇಲ್ಲಿಯ ವಿದ್ಯಾರ್ಥಿಗಳೇ ಅರಿತಿರುವುದು ಕಡಿಮೆ. ಮಣಿಪಾಲದಲ್ಲಿ ಅಧ್ಯಾಪಕರಾಗಿದ್ದ ಡಾ. ರವೀಂದ್ರನಾಥ ಶಾನುಭಾಗರ ಹೆಸರು ಈ ಚಳವಳಿಯೊಡನೆ ಬೆಸೆದುಕೊಂಡಿದೆ. ಬಸ್ರೂರು ಪ್ರಾಚೀನ ಕಾಲದಲ್ಲಿ ಕರಾವಳಿಯ ಪ್ರಮುಖ ವ್ಯಾಪಾರಸ್ಥಳವಾಗಿದ್ದಿತು; ಕೊಳ್ಳುವವನ ಪರವಾದ ಸಂಘಟನೆಯೊಂದು ಅಲ್ಲಿಯೇ ಹುಟ್ಟಿದುದು ಕಾಕತಾಳೀಯವಾದರೂ ಚರಿತ್ರಕಾರನಿಗೆ ಮುದ ಕೊಡುವ ಸಂಗತಿ.

1986ರ ಕಾಯಿದೆಯು ಮೊದಲಿಗೆ ಜಿಲ್ಲಾ ವೇದಿಕೆಗೆ ಒಂದು ಲಕ್ಷ ರೂಪಾಯಿಗಳ ತನಕದ ವ್ಯಾಜ್ಯಗಳನ್ನು ಒಪ್ಪಿಸಿದ್ದಿತು. 1993ರಲ್ಲಿ ಅದು ಐದು ಲಕ್ಷವೂ 2002ರಲ್ಲಿ ಇಪ್ಪತ್ತು ಲಕ್ಷವೂ ಆಯಿತು. 2019ರ ಹೊಸ ಕಾಯಿದೆಯು 2020ರ ಜುಲೈಯಲ್ಲಿ ಜಾರಿಗೆ ಬಂದು ವೇದಿಕೆಯು ಆಯೋಗವೆಂಬ ಹೆಸರನ್ನು ಪಡೆಯಿತು. ವೈದ್ಯರ ಸೇವೆಯೂ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೂ, ಬೀಜವನ್ನು ಕೊಂಡ ರೈತನೂ ಗ್ರಾಹಕನೆಂದು 2012ರಲ್ಲಿಯೂ ತೀರ್ಪು ಕೊಟ್ಟಿತು. ಜಿಲ್ಲಾ ಆಯೋಗದ ಆದೇಶಗಳು ಸಾರ್ವಜನಿಕ ದಾಖಲೆಗಳಾದುದರಿಂದ ವಿದ್ಯಾರ್ಥಿಗಳು ಅವುಗಳನ್ನು ಓದಬಹುದು. ದೂರಿನ ವಸ್ತುವು ಹೊಲಿಗೆಯಂತ್ರವೋ, ಮನೆಯೋ, ವಿಮೆಯೋ, ಮೊಬೈಲೋ ಎಂಬುದನ್ನು ವರ್ಷಾನುಕ್ರಮದಲ್ಲಿ ಪಟ್ಟಿ ಮಾಡಿದರೆ ಜನರು ಯಾವುದಕ್ಕೆ ಹಣ ಕೊಡುತ್ತಿದ್ದರು, ಎಲ್ಲಿ ವಂಚನೆಗೆ ಒಳಗಾಗುತ್ತಿದ್ದರು ಎಂಬುದರ ಒಂದು ಚಿತ್ರ ದೊರೆಯುತ್ತದೆ. ದೂರು ಕೊಡದವರು ಯಾರೆಂಬುದು ಮಾತ್ರ ಅಲ್ಲಿ ಸಿಗದು. ವಾರದ ಸಂತೆಯಲ್ಲಿ ಹಸಿಮೀನನ್ನು ಕೊಂಡು ಮೋಸಹೋದವರ ಹೆಸರು ಯಾವ ಆದೇಶದಲ್ಲಿಯೂ ಕಾಣದು.

ಅಂಕಿಸಂಖ್ಯೆಗಳನ್ನು ಬಳಸುವಾಗಲೂ ವಿವೇಚನೆ ಬೇಕು. ಆದಾಯವು ಏರಿದಂತೆ ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆಂದು ಜರ್ಮನಿಯ ಅರ್ನ್ಸ್ಟ್ ಎಂಗೆಲನು 1857ರಲ್ಲಿ ತೋರಿಸಿದನು. ಭಾರತದ ಗ್ರಾಮಾಂತರ ಪ್ರದೇಶಗಳಲ್ಲಿ ಆ ಪಾಲು 1999–2000ರಲ್ಲಿ ಶೇಕಡಾ 59ರಷ್ಟಿದ್ದುದು 2022–23ರ ಸಮೀಕ್ಷೆಯಲ್ಲಿ ಶೇಕಡಾ 46ಕ್ಕೆ ಬಂದಿದೆ. ಅದರಲ್ಲಿಯೂ ಧಾನ್ಯಗಳ ಪಾಲು ಶೇಕಡಾ 22ರಿಂದ 5ಕ್ಕೆ ಕುಸಿದು, ಪಾನೀಯ ಹಾಗೂ ಸಿದ್ಧ ಆಹಾರಗಳ ಪಾಲು ಶೇಕಡಾ 4ರಿಂದ 9ಕ್ಕೂ ಮೇಲೆ ಏರಿದೆ. ಆದರೆ ಈ ಎರಡು ಸಮೀಕ್ಷೆಗಳ ವಿಧಾನವು ಒಂದೇ ಅಲ್ಲ. 2022–23ರಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಮೂರು ಬಗೆಯ ಪ್ರಶ್ನಾವಳಿಗಳನ್ನು ತುಂಬಿದರು. ಕೆಲವು ವಸ್ತುಗಳಿಗೆ ಕಳೆದ ಏಳು ದಿನ, ಕೆಲವಕ್ಕೆ ಮೂವತ್ತು ದಿನ, ಬಟ್ಟೆ–ಪಾತ್ರೆಗಳಂತಹವಕ್ಕೆ ಒಂದು ವರ್ಷ ಎಂದು ನೆನಪಿನ ಅವಧಿಯೂ ಬೇರೆ ಬೇರೆ. 1999–2000ರಲ್ಲಿ ಏಳು ದಿನ ಮತ್ತು ಮೂವತ್ತು ದಿನಗಳ ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದುದರಿಂದ ಅರ್ಥಶಾಸ್ತ್ರಜ್ಞರಲ್ಲಿ ದೊಡ್ಡ ವಾದವೇ ನಡೆಯಿತು. ನಮ್ಮ ವಿದ್ಯಾರ್ಥಿಯು ‘ತಿಂಗಳಿಗೆ ಎಷ್ಟು ಖರ್ಚು’ ಎಂಬ ಒಂದೇ ಪ್ರಶ್ನೆಯಿಂದ ಮುಗಿಸಿಬಿಟ್ಟರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಒಂದು ವಾರದ ಕಾಲ ಮನೆಯವರೇ ಬರೆದಿಟ್ಟ ದಿನಚರಿಯ ಲೆಕ್ಕವು, ಅದು ಹತ್ತೇ ಮನೆಗಳದ್ದಾದರೂ, ನೂರು ಮನೆಗಳ ಊಹೆಗಿಂತ ಮೇಲು. ಆ ವಾರವು ಆಟಿಯಲ್ಲಿ ಬೀಳುವುದೋ ಜಾತ್ರೆಯ ಸಮಯದಲ್ಲಿ ಬೀಳುವುದೋ ಎಂಬುದನ್ನೂ ಗುರುತಿಸಬೇಕು.

ತಂಡದ ಕೆಲಸವು ಹೇಗೆ ಸಾಗಬೇಕೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಆರು ಮಂದಿಯಿದ್ದರೆ ಇಬ್ಬರು ದಾಖಲೆಗಳನ್ನೂ ಇಬ್ಬರು ಹಿರಿಯರ ಮಾತುಗಳನ್ನೂ ಇಬ್ಬರು ಮನೆಯ ಲೆಕ್ಕಗಳನ್ನೂ ವಹಿಸಿಕೊಂಡು, ವಾರಕ್ಕೊಮ್ಮೆ ಕುಳಿತು ಒಬ್ಬರು ತಂದುದನ್ನು ಇನ್ನೊಬ್ಬರು ಪ್ರಶ್ನಿಸಬೇಕು. ಅಜ್ಜಿಯ ನೆನಪಿಗೂ ಪಿಗ್ಮಿ ಪುಸ್ತಕಕ್ಕೂ ಹೊಂದದಿದ್ದಲ್ಲಿ ಎರಡನ್ನೂ ಬರೆದಿಡಬೇಕೇ ಹೊರತು ಒಂದನ್ನು ಅಳಿಸಬಾರದು. ವಿಷಯವನ್ನು ಕಿರಿದು ಮಾಡಿಕೊಂಡಷ್ಟೂ ಒಳ್ಳೆಯದು. ‘ಉಡುಪಿ ಜಿಲ್ಲೆಯಲ್ಲಿ ಗ್ರಾಹಕ ಸಂಸ್ಕೃತಿ’ ಎಂಬುದಕ್ಕಿಂತ ‘ಹಿರಿಯಡ್ಕ ಪೇಟೆಯ ಬಟ್ಟೆಯಂಗಡಿಗಳು, 1970ರಿಂದ ಈಚೆಗೆ’ ಎಂಬುದು ವಿದ್ಯಾರ್ಥಿಗಳ ಶಕ್ತಿಗೆ ತಕ್ಕದ್ದು. ಅಂಗಡಿಯವರ ಹಳೆಯ ಲೆಕ್ಕದ ಪುಸ್ತಕಗಳನ್ನು ನೋಡಲು ಕೇಳುವಾಗ ಅವರ ಗಿರಾಕಿಗಳ ಹೆಸರನ್ನು ನಕಲು ಮಾಡುವುದಿಲ್ಲವೆಂದು ಮೊದಲೇ ಬರೆದುಕೊಟ್ಟರೆ ಸಂಕೋಚವು ಕಡಿಮೆಯಾಗುತ್ತದೆ.

ಪ್ರಬಂಧವು ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲಿಯೂ ಇನ್ನೊಂದನ್ನು ಗ್ರಾಮ ಪಂಚಾಯತಿನಲ್ಲಿಯೂ ಇಡಬೇಕು. ಮಾತಾಡಿದ ಹಿರಿಯರಿಗೆ ಅವರು ಹೇಳಿದ ಭಾಗವನ್ನು ಓದಿ ಹೇಳಿ, ಬೇಡವೆಂದುದನ್ನು ತೆಗೆಯಬೇಕು. ಪ್ರಶ್ನಾವಳಿ, ಅಳತೆಗಳ ಪಟ್ಟಿ, ಮನೆಗಳ ಸಂಖ್ಯಾನಕ್ಷೆ ಇವುಗಳನ್ನು ಪ್ರಬಂಧದೊಡನೆಯೇ ಕಟ್ಟಿಡಬೇಕು. ಮನೆಗಳ ಹೆಸರಿನ ಪಟ್ಟಿಯನ್ನು ಮಾತ್ರ ಪ್ರತ್ಯೇಕವಾದ ಲಕೋಟೆಯಲ್ಲಿ ಮೊಹರು ಮಾಡಿ, ಇಪ್ಪತ್ತು ವರ್ಷಗಳ ಅನಂತರ ಮರುಸಮೀಕ್ಷೆಗೆ ಬರುವ ತಂಡದ ಅಧ್ಯಾಪಕರ ವಿನಾ ಮತ್ತಾರೂ ತೆರೆಯಕೂಡದೆಂದು ಮೇಲೆ ಬರೆದು ಗ್ರಂಥಪಾಲಕರ ವಶಕ್ಕೆ ಕೊಡತಕ್ಕದ್ದು.